ಮಗನಿಗೆ ಪಾಲಿಗ್ರಾಫ್ ಪರೀಕ್ಷೆ ಇದೆ, ಕಾಲೇಜಿನ ದಿನಗಳ ಗಾಂಜಾ ವಿಷಯ ಹೇಳಬೇಕೇ?

ಕೊಪ್ಪದವಳು, ಮೇರಿಲ್ಯಾಂಡ್

ಎಲ್ಲರಿಗೂ ನಮಸ್ಕಾರ. ಹೆಸರು ಹೇಳದೆ ಬರೆಯುತ್ತಿದ್ದೇನೆ. ಇಲ್ಲಿನ ಕನ್ನಡ ಸಂಘದಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿದೆ. ಮಗನ ವಿಷಯ ಬಾಯಿಂದ ಬಾಯಿಗೆ ಹರಿದಾಡುವುದು ಬೇಡ.

ಮಗ ಇಲ್ಲಿಯೇ ಹುಟ್ಟಿ ಬೆಳೆದವನು, ಅಮೆರಿಕದ ಪ್ರಜೆ. ಕಂಪ್ಯೂಟರ್ ವಿಜ್ಞಾನದಲ್ಲಿ ಪದವಿ ಮುಗಿಸಿದ್ದಾನೆ. ಒಂದು ಫೆಡರಲ್ ಸಂಸ್ಥೆಯಿಂದ ಷರತ್ತಿನ ನೇಮಕಾತಿ ಪತ್ರ ಬಂದಿದೆ. ಹಿನ್ನೆಲೆ ತನಿಖೆ, ವೈದ್ಯಕೀಯ ತಪಾಸಣೆ, ಪಾಲಿಗ್ರಾಫ್ ಎಂಬ ಸುಳ್ಳು ಪತ್ತೆ ಪರೀಕ್ಷೆ ಎಲ್ಲವೂ ಮುಗಿದ ಮೇಲೆಯೇ ಕೆಲಸ ಖಾತ್ರಿಯಾಗುವುದು. ಅದಕ್ಕೂ ಮೊದಲು ಎಸ್‌ಎಫ್-86 ಎಂಬ ನೂರಕ್ಕೂ ಹೆಚ್ಚು ಪುಟಗಳ ಫಾರಂ ತುಂಬಬೇಕು. ಅದರ 23ನೆಯ ವಿಭಾಗದ ಹತ್ತಿರ ಬಂದು ಅವನು ನಿಂತುಬಿಟ್ಟಿದ್ದಾನೆ. ಕಳೆದ 7 ವರ್ಷಗಳಲ್ಲಿ ಮಾದಕ ವಸ್ತು ಬಳಸಿದ್ದೀರಾ ಎಂಬ ಪ್ರಶ್ನೆ ಅಲ್ಲಿದೆ.

ರಾತ್ರಿ ಅಡುಗೆಮನೆಗೆ ಬಂದು ನನ್ನೊಬ್ಬಳ ಬಳಿ ಹೇಳಿಕೊಂಡ. ಕಾಲೇಜಿನ ಎರಡನೆಯ ವರ್ಷ ರೂಮಿನ ಹುಡುಗರ ಜೊತೆ ಗಾಂಜಾ ಸೇದಿದ್ದಾನೆ. ಎಷ್ಟು ಸಲ ಎಂದರೆ ಸರಿಯಾಗಿ ನೆನಪಿಲ್ಲ ಎನ್ನುತ್ತಾನೆ. ಪರೀಕ್ಷೆಯ ಸಮಯದಲ್ಲಿ ನಿದ್ದೆ ಬರದಿರಲೆಂದು ಗೆಳೆಯನ ಅಡೆರಾಲ್ ಮಾತ್ರೆಯನ್ನೂ ನುಂಗಿದ್ದಾನೆ. ಪೊಲೀಸ್, ಕೇಸು ಎಂದು ಏನೂ ಆಗಿಲ್ಲ. ಈಗ ಎಲ್ಲವನ್ನೂ ಬಿಟ್ಟಿದ್ದಾನೆ.

ನಮ್ಮ ಯಜಮಾನರಿಗೆ ವಿಷಯ ಹೇಳಿದಾಗ, ಯಾರಿಗೂ ಗೊತ್ತಿಲ್ಲದ್ದನ್ನು ಬರೆದು ಕೈಯಾರೆ ಕೆಲಸ ಕಳೆದುಕೊಳ್ಳುವುದು ಏಕೆ ಎಂದರು. ಬೆಂಗಳೂರಿನಲ್ಲಿರುವ ನನ್ನ ಅಣ್ಣ, ಅವರು ಇಂಜೆಕ್ಷನ್ ಕೊಟ್ಟು ಬಾಯಿ ಬಿಡಿಸುತ್ತಾರೆ, ಮುಚ್ಚಿಡಲು ಆಗುವುದೇ ಇಲ್ಲ ಎನ್ನುತ್ತಾನೆ. ಇಬ್ಬರ ಮಾತು ಕೇಳಿ ನನಗೆ ಊಟ ಸೇರುತ್ತಿಲ್ಲ. ಇಂಥ ಪರೀಕ್ಷೆಯನ್ನು ಕಂಡವರು ಯಾರಾದರೂ ಇದ್ದರೆ ದಾರಿ ತೋರಿಸಿ.

ಬೇಲೂರಿನಿಂದ ಬಾಲ್ಟಿಮೋರ್‌ಗೆ

ಮೇಡಂ, ಮೊದಲು ಊಟ ಮಾಡಿ. ನಿಮ್ಮ ಮಗ ಹೇಳಿರುವುದರಲ್ಲಿ ಬಾಗಿಲು ಮುಚ್ಚಿಹೋಗುವಂಥದ್ದು ನನಗೆ ಕಾಣುತ್ತಿಲ್ಲ. ನಾನು ಬಹಳ ವರ್ಷಗಳಿಂದ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಕೊಡುವ ಅನುಮತಿ, ಬೇಕಾಗುವ ಕೆಲಸದಲ್ಲಿದ್ದೇನೆ. ಈ ಪರೀಕ್ಷೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ಎದುರಿಸಿದ್ದೇನೆ. ನಮ್ಮ ತಂಡಕ್ಕೆ ಬರುವ ಹುಡುಗರು ಹಳೆಯ ಗಾಂಜಾದಿಂದಲ್ಲ, ಅದನ್ನು ಬಚ್ಚಿಟ್ಟಿದ್ದರಿಂದ ಕೆಲಸ ಕಳೆದುಕೊಂಡದ್ದನ್ನು ನೋಡಿದ್ದೇನೆ.

ನಿಯಮ ಏನಿದೆ ಎಂದು ಮೊದಲು ತಿಳಿದುಕೊಳ್ಳಲಿ. ಎಲ್ಲ ಸಂಸ್ಥೆಗಳಿಗೂ ಒಂದೇ ಅಳತೆ ಇಲ್ಲ. ಉದಾಹರಣೆಗೆ ಎಫ್‌ಬಿಐ 2021ರ ಜೂನ್ ತಿಂಗಳವರೆಗೆ ಅರ್ಜಿಗೆ ಹಿಂದಿನ 3 ವರ್ಷ ಗಾಂಜಾ ಮುಟ್ಟಿರಬಾರದು ಎನ್ನುತ್ತಿತ್ತು, ಆಗ ಅದನ್ನು 1 ವರ್ಷಕ್ಕೆ ಇಳಿಸಿತು. 18 ತುಂಬುವ ಮೊದಲಿನ ಗಾಂಜಾ ಸೇವನೆ ಅಲ್ಲಿ ಅನರ್ಹತೆಯಲ್ಲ. ಬೇರೆ ಮಾದಕ ವಸ್ತುಗಳಿಗೆ 10 ವರ್ಷದ ಅಂತರ ಕೇಳುತ್ತದೆ. ಆದರೆ ಬಳಕೆಯ ಇತಿಹಾಸವನ್ನು ಬೇಕೆಂದೇ ತಿರುಚಿ ಹೇಳಿದವರನ್ನು ನೇರವಾಗಿ ಹೊರಗಿಡುತ್ತದೆ. ಅದಕ್ಕೆ ವರ್ಷಗಳ ವಿನಾಯಿತಿ ಇಲ್ಲ. ನಿಮ್ಮ ಮಗ ತನ್ನ ಸಂಸ್ಥೆಯ ಜಾಲತಾಣದಲ್ಲಿ ಇರುವ ಮಾದಕ ವಸ್ತು ನೀತಿಯನ್ನು ಅಕ್ಷರ ಬಿಡದೆ ಓದಲಿ.

ಕ್ಲಿಯರೆನ್ಸ್ ಕೊಡುವುದು ಬಿಡುವುದನ್ನು ನಿರ್ಧರಿಸುವ 2017ರ ಮಾರ್ಗಸೂಚಿಯಲ್ಲಿ ಮಾದಕ ವಸ್ತುಗಳಿಗೆ ಒಂದು ಭಾಗ, ವೈಯಕ್ತಿಕ ನಡತೆಗೆ ಇನ್ನೊಂದು ಭಾಗ ಇದೆ. ಮೊದಲನೆಯದರಲ್ಲಿ ಕ್ಷಮೆಗೆ ಬೇಕಾದಷ್ಟು ದಾರಿಗಳಿವೆ. ಬಳಕೆ ಹಳೆಯದು, ಅಪರೂಪದ್ದು, ಮತ್ತೆ ಆಗುವ ಸಂದರ್ಭವಿಲ್ಲ ಎಂದು ತೋರಿಸಬಹುದು. ಇನ್ನು ಮುಂದೆ ಮುಟ್ಟುವುದಿಲ್ಲ, ಮುಟ್ಟಿದರೆ ಕ್ಲಿಯರೆನ್ಸ್ ರದ್ದಾಗಲಿ ಎಂದು ಸಹಿ ಹಾಕಿದ ಹೇಳಿಕೆ ಕೊಡಬಹುದು. ಫಾರಂನಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದವನು ಎರಡನೆಯ ಭಾಗಕ್ಕೆ ಬರುತ್ತಾನೆ. ಅಲ್ಲಿಂದ ಹೊರಬರುವುದು ತುಂಬಾ ಕಷ್ಟ. ಅದೂ ಅಲ್ಲದೆ ಫೆಡರಲ್ ಫಾರಂನಲ್ಲಿ ತಿಳಿದೂ ಸುಳ್ಳು ಹೇಳುವುದು ತನ್ನಷ್ಟಕ್ಕೇ ಅಪರಾಧ, 5 ವರ್ಷದವರೆಗೆ ಸೆರೆವಾಸವಿದೆ. ಗಾಂಜಾ ಸೇದಿದ್ದನ್ನು ನಿಜವಾಗಿ ಬರೆದರೆ ಹೀಗಿಲ್ಲ. ಈ ವಿಭಾಗದಲ್ಲಿ ಕೊಟ್ಟ ನಿಜವಾದ ಉತ್ತರಗಳನ್ನು ನಿಮ್ಮ ವಿರುದ್ಧ ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಬಳಸುವುದಿಲ್ಲ ಎಂದು ಅದೇ 23ನೆಯ ವಿಭಾಗದಲ್ಲಿ ಅಚ್ಚು ಹಾಕಿದ್ದಾರೆ. ಯಜಮಾನರಿಗೆ ಆ ಸಾಲನ್ನು ತೋರಿಸಿ.

ಹಾಸನದ ಹಿರಿಯ

ಬೇಲೂರಿನವರು ಹೇಳಿದ್ದು ಪುಸ್ತಕದ ಮಾತು. ನಾನು ಈ ದೇಶಕ್ಕೆ ಬಂದು ತಲೆ ನರೆಯಿತು. ನಮ್ಮ ಮಕ್ಕಳಿಗೆ ಒಂದು ಸರ್ಕಾರಿ ಕೆಲಸ ಸಿಗುವುದು ಸುಲಭವಲ್ಲ. ಬಿಳಿಯರ ಮಗ ಗಾಂಜಾ ಸೇದಿದ್ದೆ ಎಂದರೆ ವಯಸ್ಸಿನ ಹುಚ್ಚು ಎನ್ನುತ್ತಾರೆ, ನಮ್ಮವನು ಅದನ್ನೇ ಹೇಳಿದರೆ ಕಡತದಲ್ಲಿ ಕಲೆ ಉಳಿಯುತ್ತದೆ. ಆ ಯಂತ್ರಕ್ಕೆ ನಿಜ ಸುಳ್ಳು ತಿಳಿಯುವುದಿಲ್ಲ ಎಂದು ಇಲ್ಲಿನ ವಿಜ್ಞಾನಿಗಳೇ ಹೇಳಿದ್ದಾರೆ. ಸೋವಿಯತ್ ದೇಶಕ್ಕೆ ಗುಟ್ಟು ಮಾರಿದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986ರಲ್ಲಿ, 1991ರಲ್ಲಿ ಎರಡು ಬಾರಿಯೂ ಪಾಲಿಗ್ರಾಫ್ ದಾಟಿದವನು. ಹೀಗಿರುವಾಗ ನಮ್ಮ ಹುಡುಗ ಏಕೆ ಹೆದರಬೇಕು? ತಾಯಿಗೆ ಹೇಳಿದ್ದಾನೆ, ಅಲ್ಲಿಗೆ ಮುಗಿಯಿತು.

ವಿಧಿವಿಜ್ಞಾನ ನಿವೃತ್ತ, ಬೆಂಗಳೂರು

ತಾಯಿ, ನಿಮ್ಮ ಅಣ್ಣ ಹೇಳುತ್ತಿರುವುದು ಮಂಪರು ಪರೀಕ್ಷೆ. ನಕಲಿ ಛಾಪಾ ಕಾಗದದ ತೆಲಗಿ ಪ್ರಕರಣದ ಕಾಲದಲ್ಲಿ ಟಿವಿಯಲ್ಲಿ ಅದನ್ನು ನೋಡಿದವರಿಗೆ ಎರಡೂ ಒಂದೇ ಎನಿಸುತ್ತದೆ. ಪಾಲಿಗ್ರಾಫ್‌ನಲ್ಲಿ ಇಂಜೆಕ್ಷನ್ ಇಲ್ಲ, ಔಷಧ ಇಲ್ಲ. ಎದೆಗೆ ಮತ್ತು ಹೊಟ್ಟೆಗೆ ಎರಡು ಕೊಳವೆ ಸುತ್ತಿ ಉಸಿರಾಟ ದಾಖಲಿಸುತ್ತಾರೆ. ತೋಳಿಗೆ ರಕ್ತದೊತ್ತಡ ನೋಡುವ ಪಟ್ಟಿ ಕಟ್ಟುತ್ತಾರೆ. ಬೆರಳುಗಳಿಗೆ ಎರಡು ಸಣ್ಣ ಫಲಕ ಹಾಕಿ ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆ ಹೇಗೆ ಏರಿಳಿಯುತ್ತದೆ ಎಂದು ಅಳೆಯುತ್ತಾರೆ. ಇಷ್ಟೇ. ಯಂತ್ರಕ್ಕೆ ಸಿಗುವುದು ದೇಹದ ಉದ್ವೇಗ. ಆ ಉದ್ವೇಗ ಸುಳ್ಳಿನದೋ, ಅವಮಾನದ್ದೋ, ಕೆಲಸ ಕೈತಪ್ಪುವ ಭಯದ್ದೋ ಎಂದು ಹೇಳುವ ಸಾಮರ್ಥ್ಯ ಯಾವ ಕೊಳವೆಗೂ ಇಲ್ಲ.

ನಮ್ಮ ದೇಶದಲ್ಲಿ ಇದರ ಮೇಲೆ ಬಂದ ದೊಡ್ಡ ತೀರ್ಪು ನಮ್ಮ ರಾಜ್ಯದ ಹೆಸರಿನಲ್ಲೇ ಇದೆ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. 2010ರ ಮೇ 5ರಂದು ಸುಪ್ರೀಂ ಕೋರ್ಟ್ ಮಂಪರು ಪರೀಕ್ಷೆ, ಪಾಲಿಗ್ರಾಫ್, ಮೆದುಳಿನ ನಕ್ಷೆ ಈ ಮೂರನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡಕೂಡದು ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಕೂಡದು ಎನ್ನುವ ಸಂವಿಧಾನದ 20(3)ನೆಯ ವಿಧಿ ಮತ್ತು ಜೀವ, ವೈಯಕ್ತಿಕ ಸ್ವಾತಂತ್ರ್ಯದ 21ನೆಯ ವಿಧಿ ಅದಕ್ಕೆ ಆಧಾರ. ಆದರೆ ಅದು ಅಪರಾಧ ತನಿಖೆಯ ವಿಷಯ. ಅಮೆರಿಕದಲ್ಲಿ ಕೆಲಸಕ್ಕೆ ಅರ್ಜಿ ಹಾಕಿದವನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಯೇ ಕುರ್ಚಿಯಲ್ಲಿ ಕೂರುತ್ತಾನೆ. ಬೇಡ ಎನ್ನುವ ಸ್ವಾತಂತ್ರ್ಯ ಅವನಿಗಿದೆ, ಆದರೆ ಬೇಡ ಎಂದರೆ ಕೆಲಸವೂ ಇಲ್ಲ.

ಹಾಸನದ ಹಿರಿಯರ ಮಾತಿನಲ್ಲಿ ಅರ್ಧ ಸರಿಯಿದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಪಾಲಿಗ್ರಾಫ್ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಅದರಲ್ಲಿ ಒಂದು ಲೆಕ್ಕವಿದೆ. 10,000 ನೌಕರರಲ್ಲಿ 10 ಗೂಢಚಾರರಿದ್ದಾರೆ ಎಂದುಕೊಳ್ಳಿ. ಅವರಲ್ಲಿ 8 ಮಂದಿಯನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ನಡೆಸಿದರೆ ಸುಮಾರು 1,600 ನಿರಪರಾಧಿಗಳೂ ಜೊತೆಯಲ್ಲಿ ಸಿಕ್ಕಿಬೀಳುತ್ತಾರೆ. ಮಾದಕ ವಸ್ತುವಿಗೇ ಸಂಬಂಧಿಸಿದ ಮೊಕದ್ದಮೆಯೂ ಇದೆ. ಶೆಫರ್ ಎಂಬ ವಾಯುಪಡೆಯ ಯೋಧ, ಸೇನೆಗೆ ಸೇರಿದ ಮೇಲೆ ಮಾದಕ ವಸ್ತು ಮುಟ್ಟಿಲ್ಲ ಎಂದ. ಪಾಲಿಗ್ರಾಫ್ ಅವನ ಮಾತಿನಲ್ಲಿ ವಂಚನೆ ಕಾಣಲಿಲ್ಲ. ಮೂತ್ರ ಪರೀಕ್ಷೆಯಲ್ಲಿ ಮೆಥಾಂಫೆಟಮಿನ್ ಸಿಕ್ಕಿತು. ಪಾಲಿಗ್ರಾಫ್ ಫಲಿತಾಂಶವನ್ನು ಸಾಕ್ಷ್ಯವಾಗಿ ಒಪ್ಪಬೇಕೆಂಬ ಅವನ ಬೇಡಿಕೆಯನ್ನು 1998ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ನ್ಯಾಯಾಲಯ ನಂಬದ ಯಂತ್ರವನ್ನು ನೇಮಕಾತಿಯಲ್ಲಿ ನಂಬುತ್ತಾರೆ, ಇದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ.

ಆದರೆ ಯಂತ್ರ ದುರ್ಬಲವಾಗಿದೆ ಎಂದ ಮಾತ್ರಕ್ಕೆ ಆ ಕೋಣೆಯೂ ದುರ್ಬಲ ಎಂದು ತಿಳಿಯಬೇಡಿ. ವಿಷಯ ಹೊರಬರುವುದು ಬಹುಪಾಲು ತಂತಿ ಕಟ್ಟುವ ಮೊದಲಿನ ಮಾತುಕತೆಯಲ್ಲಿ, ಇಲ್ಲವೇ ತಂತಿ ಬಿಚ್ಚಿದ ಮೇಲೆ ನಡೆಯುವ ವಿಚಾರಣೆಯಲ್ಲಿ. ಪರೀಕ್ಷಕ ಕುರ್ಚಿ ಹತ್ತಿರ ಎಳೆದುಕೊಂಡು, ಈ ಪ್ರಶ್ನೆಯ ಬಳಿ ನಿಮಗೆ ಏನೋ ತೊಂದರೆ ಕಾಣುತ್ತಿದೆ, ಮನಸ್ಸಿನಲ್ಲಿ ಏನಿದೆ ಎಂದು ಮೃದುವಾಗಿ ಕೇಳುತ್ತಾನೆ. ಇಪ್ಪತ್ತೆರಡು ವರ್ಷದ ಹುಡುಗ ಮನಸ್ಸಿನಲ್ಲಿ ಗುಟ್ಟು ಇಟ್ಟುಕೊಂಡು ಆ ಪ್ರಶ್ನೆಯ ಮುಂದೆ ಕೂರಬೇಕೇ? ನನ್ನ ಮಗನಾಗಿದ್ದರೆ ಕೂರಿಸುತ್ತಿರಲಿಲ್ಲ.

ಮಂಡ್ಯ ಮೂಲ, ಟೆಕ್ಸಾಸ್

ನಿವೃತ್ತರು ಬರೆದ ಆ 1,600ರಲ್ಲಿ ನಾನೂ ಒಬ್ಬ. ಸಂಸ್ಥೆಯ ಹೆಸರು ಬೇಡ. ನಾನು ಸಿಗರೇಟನ್ನೂ ಸೇದಿದವನಲ್ಲ. ಅಮ್ಮನ ಕಡೆಯ ಒಬ್ಬರು ಕುಡಿತದಿಂದ ಹೋದದ್ದನ್ನು ಚಿಕ್ಕಂದಿನಲ್ಲೇ ಕಂಡಿದ್ದರಿಂದ ಯಾವ ನಶೆಯ ಹತ್ತಿರಕ್ಕೂ ಹೋಗಿಲ್ಲ. ಫಾರಂನಲ್ಲಿ ಇಲ್ಲ ಎಂದು ಬರೆದೆ, ಕೋಣೆಯಲ್ಲೂ ಇಲ್ಲ ಎಂದೆ. ಮಾದಕ ವಸ್ತುಗಳ ಪ್ರಶ್ನೆಯಲ್ಲೇ ನಿಮ್ಮ ದೇಹ ಬೇರೆ ಮಾತು ಹೇಳುತ್ತಿದೆ ಎಂದರು. ಮಧ್ಯಾಹ್ನವೆಲ್ಲ ಅದೊಂದೇ ಪ್ರಶ್ನೆ. ಗೆಳೆಯರು ಸೇದುವಾಗ ಪಕ್ಕದಲ್ಲಿ ಇದ್ದಿರಬಹುದು, ಯಾವುದೋ ಬಿಸ್ಕತ್ತಿನಲ್ಲಿ ಇದ್ದಿರಬಹುದು, ನೆನಪಿಸಿಕೊಳ್ಳಿ ಎಂದು ಒತ್ತಾಯ. ಅಲ್ಲಿಂದ ಎದ್ದು ಹೋಗಲು ಏನಾದರೂ ಒಪ್ಪಿಕೊಂಡುಬಿಡೋಣ ಎನ್ನುವಷ್ಟು ಸುಸ್ತಾಗಿತ್ತು. ಒಪ್ಪಿಕೊಳ್ಳಲಿಲ್ಲ. ಕೆಲಸ ಹೋಯಿತು.

ಹಾಗಾಗಿ ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಬರೆದರೆ ನನ್ನ ಮೈ ಉರಿಯುತ್ತದೆ. ಗಡಿ ರಕ್ಷಣಾ ಸಂಸ್ಥೆಯ ಅಭ್ಯರ್ಥಿಗಳಲ್ಲಿ ಮೂರರಲ್ಲಿ ಎರಡರಷ್ಟು ಮಂದಿ ಪಾಲಿಗ್ರಾಫ್‌ನಲ್ಲಿ ಉಳಿಯುವುದಿಲ್ಲ ಎಂದು 2017ರಲ್ಲಿ ಪತ್ರಿಕೆಗಳಲ್ಲಿ ಬಂತು. ಅವರೆಲ್ಲರೂ ಸುಳ್ಳುಗಾರರೇ? ಆದರೂ ಅಕ್ಕ, ನಿಮ್ಮ ಮಗ ಬರೆಯಬೇಕು ಎಂದೇ ನಾನೂ ಹೇಳುತ್ತೇನೆ. ಮುಚ್ಚಿಡಲು ಏನೂ ಇಲ್ಲದ ನನಗೇ ಆ ಕೋಣೆಯಲ್ಲಿ ಅಷ್ಟು ಕಷ್ಟವಾಯಿತು. ಮುಚ್ಚಿಡಲು ಇರುವವನ ಪಾಡು ಇನ್ನೂ ಕಷ್ಟ.

ಕೊಪ್ಪದವಳು, ಮೇರಿಲ್ಯಾಂಡ್

ಮಂಡ್ಯದ ತಮ್ಮ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಇಷ್ಟು ಅನ್ಯಾಯವಾದರೂ ನನ್ನ ಮಗನಿಗೆ ಸರಿಯಾದ ದಾರಿ ಹೇಳಿದಿರಿ.

ಇನ್ನೂ ಮೂರು ವಿಷಯ ಕೇಳಬೇಕಿದೆ. ಎಷ್ಟು ಸಲ ಎಂಬುದು ನೆನಪಿಲ್ಲದಿದ್ದರೆ ಏನು ಬರೆಯುವುದು? ಅಡೆರಾಲ್ ವೈದ್ಯರು ಬರೆದುಕೊಡುವ ಮಾತ್ರೆ, ಅದನ್ನೂ ಮಾದಕ ವಸ್ತು ಎನ್ನುತ್ತಾರೆಯೇ? ಮಾತ್ರೆ ಕೊಟ್ಟ ಗೆಳೆಯನ ಹೆಸರು ಕೇಳಿದರೆ? ಆ ಹುಡುಗ ನಮ್ಮ ಮನೆಯಲ್ಲಿ ಊಟ ಮಾಡಿದವನು, ಅವನಿಗೆ ತೊಂದರೆಯಾಗುವುದು ಬೇಡ ಎಂದು ಮಗ ಒದ್ದಾಡುತ್ತಿದ್ದಾನೆ.

ಬೇಲೂರಿನಿಂದ ಬಾಲ್ಟಿಮೋರ್‌ಗೆ

ಮೊದಲನೆಯದೇ ಎಲ್ಲಕ್ಕಿಂತ ಮುಖ್ಯ ಮೇಡಂ. ಫಾರಂನಲ್ಲಿ ಮೂರು ಸಲ ಎಂದು ಬರೆದು, ಕೋಣೆಯಲ್ಲಿ ಹತ್ತು ಆಗಬಹುದು ಎಂದು, ಸಂಜೆ ಹೊತ್ತಿಗೆ ಮೂವತ್ತು ಎಂದರೆ ಆ ಹುಡುಗನ ಕಥೆ ಮುಗಿಯಿತು. ಮೂವತ್ತು ಎಂದು ಮೊದಲೇ ಬರೆದವನಿಗೆ ಅಷ್ಟು ತೊಂದರೆ ಇಲ್ಲ. ಪರೀಕ್ಷಕ ಹೋಲಿಸಿ ನೋಡುವುದು ಕಾಗದದ ಮೇಲಿರುವುದನ್ನು ಮತ್ತು ಬಾಯಲ್ಲಿ ಬರುವುದನ್ನು. ಆದ್ದರಿಂದ ಫಾರಂ ತುಂಬುವ ಮೊದಲು ಅವನು ಶಾಂತವಾಗಿ ಕುಳಿತು ಆ ವರ್ಷವನ್ನು ತಿಂಗಳು ತಿಂಗಳಾಗಿ ನೆನಪಿಸಿಕೊಳ್ಳಲಿ. ಯಾವ ಸೆಮಿಸ್ಟರ್, ಯಾವ ಮನೆ, ವಾರಾಂತ್ಯಗಳಲ್ಲೋ ಹಬ್ಬದ ರಜೆಯಲ್ಲೋ, ಸೇದಿದ್ದೋ ತಿಂದದ್ದೋ, ಮೊದಲ ಸಲ ಯಾವಾಗ, ಕೊನೆಯ ಸಲ ಯಾವಾಗ. ಖಚಿತ ಸಂಖ್ಯೆ ಸಿಗದಿದ್ದರೆ ಅಂದಾಜು ಎಂದೇ ಬರೆದು, ತನ್ನ ಆತ್ಮಸಾಕ್ಷಿಗೆ ಒಪ್ಪುವ ಮೇಲಿನ ಮಿತಿಯನ್ನು ಕೊಡಲಿ. ಟಿಪ್ಪಣಿಗೆ ಅಲ್ಲಿ ಜಾಗವಿದೆ. ಕಡಿಮೆ ಮಾಡಿ ಬರೆಯುವ ಆಸೆ ಎಲ್ಲರಿಗೂ ಬರುತ್ತದೆ, ಕಷ್ಟವೆಲ್ಲ ಹುಟ್ಟುವುದು ಅಲ್ಲಿಂದಲೇ.

ಅಡೆರಾಲ್ ವಿಷಯವನ್ನು ಖಂಡಿತ ಬರೆಯಬೇಕು. ಅದು ಆಂಫೆಟಮಿನ್. ವೈದ್ಯಕೀಯ ಬಳಕೆ ಇದ್ದರೂ ಬಿಗಿ ನಿಯಂತ್ರಣದಲ್ಲಿರುವ ಔಷಧಗಳ ಪಟ್ಟಿಯಾದ, ಫೆಡರಲ್ ಕಾನೂನಿನ ಎರಡನೆಯ ಅನುಸೂಚಿಯಲ್ಲಿದೆ. 23ನೆಯ ವಿಭಾಗದಲ್ಲಿ ವೈದ್ಯರ ಚೀಟಿಯ ಔಷಧಗಳನ್ನು ದುರ್ಬಳಕೆ ಮಾಡಿದ್ದೀರಾ ಎಂಬ ಪ್ರಶ್ನೆ ಬೇರೆಯಾಗಿಯೇ ಇದೆ. ಔಷಧ ನಿಮಗೆ ಬರೆದುಕೊಟ್ಟದ್ದೇ ಆಗಲಿ ಬೇರೆಯವರಿಗೆ ಬರೆದದ್ದೇ ಆಗಲಿ, ಎರಡೂ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನ ಹುಡುಗರು ಗಾಂಜಾ ಬರೆದು ಇದನ್ನು ಬಿಟ್ಟುಬಿಡುತ್ತಾರೆ, ಏಕೆಂದರೆ ಅದು ಅವರ ಕಣ್ಣಿಗೆ ಕಾಫಿಯಷ್ಟೇ ಸಾಮಾನ್ಯ. ಕೋಣೆಯಲ್ಲಿ ಔಷಧಗಳ ಪಟ್ಟಿ ಓದುವಾಗ ಥಟ್ಟನೆ ನೆನಪಾಗಿ ಬೆವರುತ್ತಾರೆ. ಒಂದು ಎಚ್ಚರಿಕೆ, ಕೆಲವು ಸಂಸ್ಥೆಗಳು ಇದಕ್ಕೆ ಗಾಂಜಾಕ್ಕಿಂತ ಉದ್ದದ ಅಂತರ ಕೇಳುತ್ತವೆ. ಅವನ ಸಂಸ್ಥೆಯ ನಿಯಮಕ್ಕೆ ಹೊಂದದಿದ್ದರೆ ಈ ವರ್ಷ ಅರ್ಜಿ ಹಿಂದಕ್ಕೆ ಪಡೆದು ಅವಧಿ ಮುಗಿದ ಮೇಲೆ ಮತ್ತೆ ಹಾಕಬಹುದು. ಸುಳ್ಳಿನಿಂದ ತಿರಸ್ಕೃತನಾದವನಿಗೆ ಆ ಅವಕಾಶ ಉಳಿಯುವುದಿಲ್ಲ.

ಅದೇ ವಿಭಾಗದಲ್ಲಿ ಖರೀದಿ, ಮಾರಾಟ, ಸಾಗಣೆ, ಇನ್ನೊಬ್ಬರಿಗೆ ಕೊಡುವುದು ಇವುಗಳ ಬಗ್ಗೆಯೂ ಪ್ರಶ್ನೆಯಿದೆ. ತಾನು ಯಾರಿಗಾದರೂ ಕೊಟ್ಟಿದ್ದರೆ, ಎಲ್ಲರೂ ಸೇರಿ ದುಡ್ಡು ಹಾಕಿ ತಂದಿದ್ದರೆ ಅದನ್ನು ಬರೀ ಬಳಕೆಯ ಲೆಕ್ಕಕ್ಕೆ ಸೇರಿಸಿಬಿಡಬಾರದು. ಅಂಥದ್ದು ಇದ್ದರೆ ಫಾರಂ ಕಳಿಸುವ ಮೊದಲು ಕ್ಲಿಯರೆನ್ಸ್ ವಿಷಯ ಬಲ್ಲ ವಕೀಲರ ಬಳಿ ಒಂದು ಗಂಟೆ ಕುಳಿತುಕೊಳ್ಳಲಿ, ಆ ದುಡ್ಡು ವ್ಯರ್ಥವಲ್ಲ. ಗೆಳೆಯನ ಹೆಸರನ್ನು ತಾನಾಗಿ ಹೇಳಬೇಕಿಲ್ಲ. ಕೇಳಿದರೆ ಸುಳ್ಳು ಹೆಸರು ಮಾತ್ರ ಹೇಳಬಾರದು. ತನಿಖಾಧಿಕಾರಿಗಳು ರೂಮಿನ ಹುಡುಗರನ್ನು, ನೆರೆಹೊರೆಯವರನ್ನು ಹೇಗೂ ಮಾತನಾಡಿಸುತ್ತಾರೆ. ಯಾರಿಗೂ ಗೊತ್ತಿಲ್ಲ ಎಂಬ ಯಜಮಾನರ ಮಾತು ಅದಕ್ಕೇ ನಿಲ್ಲುವುದಿಲ್ಲ, ಆ ರೂಮಿನಲ್ಲಿದ್ದ ಎಲ್ಲರಿಗೂ ಗೊತ್ತು.

ಹಾಸನದ ಹಿರಿಯ

ರೂಮಿನವರನ್ನು ಕೇಳುತ್ತಾರೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಆದರೂ ನನ್ನ ಸಂಶಯ ಪೂರ್ತಿ ಹೋಗಿಲ್ಲ. ಒಪ್ಪಿಕೊಂಡದ್ದನ್ನು ಅವರು ಎಲ್ಲಿಯವರೆಗೆ ಇಟ್ಟುಕೊಳ್ಳುತ್ತಾರೆ, ಯಾರಿಗೆ ಕೊಡುತ್ತಾರೆ?

ಗ್ರೀನ್ ಕಾರ್ಡ್ ಹುಡುಗ, ಸ್ಯಾಕ್ರಮೆಂಟೊ

ಹಿರಿಯರ ಪ್ರಶ್ನೆಯ ಜೊತೆ ನನ್ನದೂ ಒಂದು. ನಾನು ಪ್ರಜೆಯಲ್ಲ, ಗ್ರೀನ್ ಕಾರ್ಡ್ ಇದೆ. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಕೆಲಸ ಮಾಡುವ ಕಾನೂನುಬದ್ಧ ಹಕ್ಕಿರುವವರು ಪೊಲೀಸ್ ಹುದ್ದೆಗೆ ಸೇರಬಹುದು ಎಂದಾಗಿದೆ. ಸ್ಥಳೀಯ ಪೊಲೀಸ್ ಇಲಾಖೆಗೆ ಅರ್ಜಿ ಹಾಕಿದ್ದೇನೆ, ಮುಂದಿನ ಹಂತ ಪಾಲಿಗ್ರಾಫ್. ಇಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ, ಕಾನೂನುಬದ್ಧ. ಎರಡು ವರ್ಷದ ಹಿಂದೆ ಕೊಂಡು ಸೇದಿದ್ದೆ. ಬೇಲೂರಿನವರು ಹೇಳಿದ ಹಾಗೆ ನಾನೂ ಎಲ್ಲವನ್ನೂ ಬರೆದುಬಿಡುತ್ತೇನೆ.

ವಲಸೆ ವಕೀಲೆ, ನ್ಯೂಜೆರ್ಸಿ

ದಯವಿಟ್ಟು ನಿಲ್ಲಿ. ಒಂದು ಪುಟವನ್ನೂ ಕಳಿಸಬೇಡಿ. ಕೊಪ್ಪದ ಅಕ್ಕನ ಮಗನಿಗೆ ಕೊಟ್ಟ ಸಲಹೆ ಅಮೆರಿಕದಲ್ಲಿ ಹುಟ್ಟಿದ ಪ್ರಜೆಗೆ. ನಿಮಗೆ ಅದು ಅನ್ವಯಿಸುವುದಿಲ್ಲ, ನಿಮ್ಮನ್ನು ಅಪಾಯಕ್ಕೇ ದೂಡಬಹುದು.

ವಲಸೆ ಕಾನೂನು ಫೆಡರಲ್ ಕಾನೂನು. ಅಂಗಡಿಯಲ್ಲಿ ರಸೀದಿ ಕೊಟ್ಟು ಮಾರಿದರೂ ಆ ಕಾನೂನಿನ ಕಣ್ಣಿಗೆ ಗಾಂಜಾ ನಿಷಿದ್ಧ ವಸ್ತುವೇ. ಪ್ರಜೆಯಲ್ಲದವರಿಗೆ ಶಿಕ್ಷೆಯಾಗಿರಬೇಕು ಎಂದೇನೂ ಇಲ್ಲ. ನಿಯಂತ್ರಿತ ವಸ್ತುಗಳ ಕಾನೂನು ಮುರಿದ ಅಪರಾಧದ ಮುಖ್ಯ ಅಂಶಗಳನ್ನು ಬಾಯಿಬಿಟ್ಟು ಒಪ್ಪಿಕೊಂಡರೂ ದೇಶದೊಳಗೆ ಪ್ರವೇಶ ನಿರಾಕರಿಸಲು ಅದು ಆಧಾರವಾಗಬಹುದು. ಊರಿಗೆ ಹೋಗಿ ಮದುವೆ ಮುಗಿಸಿ ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಈ ಪ್ರಶ್ನೆ ಏಳಬಹುದು. ಪೌರತ್ವದ ಅರ್ಜಿಯಲ್ಲಿ 5 ವರ್ಷದ ಸನ್ನಡತೆ ನೋಡುತ್ತಾರೆ. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಬಳಕೆ ಸನ್ನಡತೆಗೆ ಅಡ್ಡಿಯಾಗಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ತನ್ನ ನೀತಿಯಲ್ಲೇ ಬರೆದಿದೆ. 30 ಗ್ರಾಂವರೆಗಿನ ಒಂದೇ ಒಂದು ಪ್ರಸಂಗಕ್ಕೆ ಸ್ವಲ್ಪ ವಿನಾಯಿತಿ ಇದೆ, ಹಲವು ಸಲ ಎಂದವರಿಗೆ ಅದರ ಆಸರೆಯೂ ಇಲ್ಲ.

ಹಾಗೆಂದು ಸುಳ್ಳು ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಸುಳ್ಳು ಇನ್ನೊಂದು ಬಾವಿ. ನಿಮಗಿರುವ ಸುರಕ್ಷಿತ ದಾರಿ ಎಂದರೆ ಅರ್ಜಿಯನ್ನು ಸದ್ಯಕ್ಕೆ ನಿಲ್ಲಿಸಿ, ವಲಸೆ ಮತ್ತು ಕ್ರಿಮಿನಲ್ ಎರಡನ್ನೂ ಬಲ್ಲ ವಕೀಲರನ್ನು ನೇರವಾಗಿ ಭೇಟಿ ಮಾಡುವುದು. ಪ್ರಜೆಯಾದ ಮೇಲೆ ಅದೇ ಹುದ್ದೆಗೆ ಮತ್ತೆ ಅರ್ಜಿ ಹಾಕಬಹುದು. ಎಚ್-1ಬಿ, ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೂ ಇದೇ ಮಾತು. ಇಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ, ವೈದ್ಯರ ಫಾರಂ ಬಿಟ್ಟು ಬೇರೆಲ್ಲೂ ಇಂಥದ್ದನ್ನು ಬರೆಯಬೇಡಿ. ನಿಮ್ಮ ಮೇಲಿನ ಪತ್ರವನ್ನೂ ಅಳಿಸಿದರೆ ಒಳ್ಳೆಯದು.

ಹಿರಿಯರಿಗೆ: ಸಂಸ್ಥೆಗಳು ಪಾಲಿಗ್ರಾಫ್ ಕಡತವನ್ನು ಇಟ್ಟುಕೊಳ್ಳುತ್ತವೆ, ಬೇರೆ ಫೆಡರಲ್ ಸಂಸ್ಥೆಗಳ ಜೊತೆ ಹಂಚಿಕೊಳ್ಳಬಹುದು. ಮುಂದೆ ಬೇರೆಡೆ ಅರ್ಜಿ ಹಾಕಿದಾಗ ಹಿಂದೆ ಪಾಲಿಗ್ರಾಫ್ ಆಗಿದೆಯೇ, ಎಲ್ಲಿ ಎಂದು ಕೇಳುತ್ತಾರೆ. ಕೋಣೆಯಲ್ಲಿ ಹೇಳಿದ್ದು ವೈದ್ಯರಿಗೆ ಹೇಳಿದ ಹಾಗೆ ಗುಟ್ಟಾಗಿ ಉಳಿಯುವುದಿಲ್ಲ. ಫಾರಂನ 23ನೆಯ ವಿಭಾಗಕ್ಕೆ ಇರುವ ರಕ್ಷಣೆ ಪಾಲಿಗ್ರಾಫ್ ಕೋಣೆಯ ಎಲ್ಲ ಮಾತಿಗೂ ಇದೆ ಎಂದು ಭಾವಿಸಬೇಡಿ. ಬರೆಯುವುದನ್ನು ಫಾರಂನಲ್ಲಿಯೇ, ಮೊದಲೇ ಬರೆಯಲು ಅದೂ ಒಂದು ಕಾರಣ.

ಗ್ರೀನ್ ಕಾರ್ಡ್ ಹುಡುಗ, ಸ್ಯಾಕ್ರಮೆಂಟೊ

ಮೇಡಂ, ಕೈ ನಡುಗುತ್ತಿದೆ. ಇಷ್ಟು ಆಳ ಇದೆ ಎಂದು ತಿಳಿದಿರಲಿಲ್ಲ. ನಾಳೆಯೇ ವಕೀಲರನ್ನು ಕಾಣುತ್ತೇನೆ.

ಧಾರವಾಡ ಪೇಡೆ

ಒಂದು ಸಂಶಯ. ನಾನು ಪ್ರಜೆ, ಫೆಡರಲ್ ಹುದ್ದೆಗೆ ಅರ್ಜಿ ಹಾಕುವವಳಿದ್ದೇನೆ. ಹೋದ ಹೋಳಿಗೆ ಅತ್ತೆ ಮಾವನ ಜೊತೆ ಕಾಶಿಗೆ ಹೋಗಿದ್ದೆವು. ಸರ್ಕಾರದ ಪರವಾನಗಿ ಇರುವ ಅಂಗಡಿಯಿಂದ ಭಂಗಿ ತಂದು ಹಾಕಿದ ಥಂಡಾಯಿಯನ್ನು ಪ್ರಸಾದವೆಂದು ಮನೆಯವರೆಲ್ಲ ಕುಡಿದೆವು. ಅದನ್ನೂ ಬರೆಯಬೇಕೇ? ನಮ್ಮಲ್ಲಿ ಅದನ್ನು ಯಾರೂ ಮಾದಕ ವಸ್ತು ಎನ್ನುವುದಿಲ್ಲ.

ವಿಧಿವಿಜ್ಞಾನ ನಿವೃತ್ತ, ಬೆಂಗಳೂರು

ಭಾರತದಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯಿದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗೆ. ಭಂಗಿ ಎಲೆಯಿಂದ ಆಗುವುದರಿಂದ ಅದಕ್ಕೆ ರಾಜ್ಯಗಳ ಅಬಕಾರಿ ನಿಯಮ. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಂದು ಜಾಮೀನು ಆದೇಶದಲ್ಲಿ ಭಂಗಿ ಈ ಕಾಯಿದೆಯ ಮಾದಕ ಪಟ್ಟಿಯಲ್ಲಿಲ್ಲ ಎಂದಿತು. ಆದರೆ ಅಮೆರಿಕದ ಕಾನೂನು ಎಲೆ, ಹೂ ಎಂದು ಬಿಡಿಸಿ ನೋಡುವುದಿಲ್ಲ. ರಾಸಾಯನಿಕವಾಗಿಯೂ ನಶೆ ತರುವ ಅಂಶ ಅದೇ ಟಿಎಚ್‌ಸಿ.

ಬೇಲೂರಿನಿಂದ ಬಾಲ್ಟಿಮೋರ್‌ಗೆ

ಎಫ್‌ಬಿಐ ನೀತಿಯಲ್ಲಿ ಯಾವುದೇ ರೂಪದಲ್ಲಿ, ಯಾವುದೇ ಸ್ಥಳದಲ್ಲಿ ಎಂದೇ ಇದೆ. ಆದ್ದರಿಂದ ಬರೆಯಿರಿ ತಂಗಿ. ದಿನಾಂಕ, ಊರು, ಹಬ್ಬ, ಅಂಗಡಿಗೆ ಅಲ್ಲಿ ಪರವಾನಗಿ ಇತ್ತು ಎಂಬುದು, ಎಲ್ಲವನ್ನೂ ಟಿಪ್ಪಣಿಯಲ್ಲಿ ವಿವರಿಸಿ. ಕುಡಿದು 1 ವರ್ಷ ತುಂಬಿಲ್ಲದಿದ್ದರೆ, ಆ ಅಂತರ ಕೇಳುವ ಸಂಸ್ಥೆಗೆ ಅರ್ಜಿ ಹಾಕಲು ಸ್ವಲ್ಪ ಕಾಯಿರಿ. ಪೂಜೆಯ ಪ್ರಸಾದವನ್ನು ಅಪರಾಧದಂತೆ ಬರೆಯಬೇಕಾಗುವುದು ನೋವಿನ ವಿಷಯವೇ, ನನಗೆ ಅರ್ಥವಾಗುತ್ತದೆ. ಆದರೂ ಬರೆಯಿರಿ.

ಹೊಸಬ

ಅಷ್ಟೆಲ್ಲ ಏಕೆ? ಉಸಿರು ಹಿಡಿದು, ಕಾಲ್ಬೆರಳು ಒತ್ತಿ ಯಂತ್ರವನ್ನು ದಾಟುವ ಉಪಾಯಗಳಿವೆಯಂತೆ. ಗೊತ್ತಿರುವವರು ಹೇಳಿ.

ವಿಧಿವಿಜ್ಞಾನ ನಿವೃತ್ತ, ಬೆಂಗಳೂರು

ಇಲ್ಲಿ ಯಾರೂ ಹೇಳುವುದು ಬೇಡ. ಒಕ್ಲಹೋಮಾದಲ್ಲಿ ಪಾಲಿಗ್ರಾಫ್ ಪರೀಕ್ಷಕನಾಗಿದ್ದ ಮಾಜಿ ಪೊಲೀಸನೊಬ್ಬ, ಫೆಡರಲ್ ಪರೀಕ್ಷೆಯಲ್ಲಿ ಸುಳ್ಳು ಹೇಳಿ ಪಾರಾಗುವುದನ್ನು ದುಡ್ಡಿಗೆ ಕಲಿಸಿದ್ದಕ್ಕೆ 2015ರಲ್ಲಿ 2 ವರ್ಷ ಜೈಲಿಗೆ ಹೋದ. ಕುರ್ಚಿಯ ಮೇಲೆ ಅಲುಗಾಟ ಗುರುತಿಸುವ ಸಂವೇದಕವಿರುತ್ತದೆ. ಅಂಥ ಪ್ರಯತ್ನ ಕಂಡರೆ, ಮುಚ್ಚಿಡಲು ಏನೂ ಇಲ್ಲದವನನ್ನೂ ತಿರಸ್ಕರಿಸುತ್ತಾರೆ. ಮಂಡ್ಯದ ಯುವಕನಂಥವರಿಗೆ ಆದ ಅನ್ಯಾಯವನ್ನು ಸರಿಪಡಿಸುವುದು ಕಾನೂನಿನ ಕೆಲಸ, ಕಾಲ್ಬೆರಳಿನದಲ್ಲ.

ಔಷಧ ಕಂಪನಿ ನೌಕರ

ಖಾಸಗಿ ಕೆಲಸಗಳ ಬಗ್ಗೆ ಯಾರೂ ಬರೆದಿಲ್ಲ. 1988ರ ಫೆಡರಲ್ ಕಾನೂನಿನ ಪ್ರಕಾರ ಖಾಸಗಿ ಕಂಪನಿಗಳು ಸಾಮಾನ್ಯವಾಗಿ ಅಭ್ಯರ್ಥಿಗೆ ಪಾಲಿಗ್ರಾಫ್ ಮಾಡುವಂತಿಲ್ಲ. ಭದ್ರತಾ ಸಿಬ್ಬಂದಿ ಒದಗಿಸುವ ಕಂಪನಿಗಳಿಗೆ ಮತ್ತು ನಿಯಂತ್ರಿತ ಔಷಧ ತಯಾರಿಸುವ, ವಿತರಿಸುವ ಕಂಪನಿಗಳಿಗೆ ಕೆಲವು ಹುದ್ದೆಗಳಲ್ಲಿ ವಿನಾಯಿತಿ ಇದೆ. ಸರ್ಕಾರಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ. ರಾಜ್ಯಗಳಲ್ಲಿ ಇನ್ನೂ ಬಿಗಿ ಇರಬಹುದು. ಮ್ಯಾಸಚೂಸೆಟ್ಸ್‌ನಲ್ಲಿ ಉದ್ಯೋಗಕ್ಕಾಗಿ ಸುಳ್ಳು ಪತ್ತೆ ಪರೀಕ್ಷೆ ಕಾನೂನುಬಾಹಿರ ಎಂದು ಪ್ರತಿ ಅರ್ಜಿ ಫಾರಂನಲ್ಲೂ ಅಚ್ಚು ಹಾಕಬೇಕು. ಐಟಿ ಕಂಪನಿಯವರು ಯಾರಾದರೂ ನಿಮ್ಮನ್ನು ಪಾಲಿಗ್ರಾಫ್‌ಗೆ ಕರೆದರೆ ಮೊದಲು ಕಾರ್ಮಿಕ ಇಲಾಖೆಯನ್ನು ಕೇಳಿ.

ಕೊಪ್ಪದವಳು, ಮೇರಿಲ್ಯಾಂಡ್

ಎಲ್ಲರಿಗೂ ವಂದನೆ. ಮಗ ಸಂಸ್ಥೆಯ ನಿಯಮ ಓದಿದ, ವಕೀಲರನ್ನೂ ಕಂಡ. ಅರ್ಜಿ ಹಿಂದಕ್ಕೆ ಪಡೆಯುವ ಅಗತ್ಯ ಬೀಳಲಿಲ್ಲ. ಗಾಂಜಾ, ಮಾತ್ರೆ ಎರಡನ್ನೂ ಅಂದಾಜು ಸಂಖ್ಯೆಯ ಸಮೇತ ಫಾರಂನಲ್ಲಿ ಬರೆದ. ಯಜಮಾನರು ಎರಡು ದಿನ ಮಾತನಾಡಲಿಲ್ಲ. ಅವರಿಗೆ ಕೋಪ ಬಂದದ್ದು ಫಾರಂ ಬಗ್ಗೆ ಅಲ್ಲ, ಮಗ ತನಗೆ ಹೇಳದೆ ನನಗೆ ಹೇಳಿದ ಎಂದು. ಆಮೇಲೆ ಇಬ್ಬರೂ ಕಾರಿನಲ್ಲಿ ಹೊರಗೆ ಹೋಗಿ ತಡವಾಗಿ ಬಂದರು. ಏನು ಮಾತಾಡಿದರೋ ನಾನು ಕೇಳಿಲ್ಲ.

ಪಾಲಿಗ್ರಾಫ್ ಆಯಿತು. ಮೊದಲ ಮಾತುಕತೆಯಲ್ಲೇ ಪರೀಕ್ಷಕರು ಮಾದಕ ವಸ್ತುಗಳ ಭಾಗವನ್ನು ಓದಿ, ಇದರ ಆಚೆಗೆ ಏನಾದರೂ ಇದೆಯೇ ಎಂದರಂತೆ. ಇಲ್ಲ ಎಂದನಂತೆ. ಎಲ್ಲ ಪ್ರಶ್ನೆಗಳನ್ನೂ ತಂತಿ ಕಟ್ಟುವ ಮೊದಲೇ ಓದಿ ಹೇಳಿದ್ದರಿಂದ ಸಮಾಧಾನವಾಯಿತಂತೆ. ಆದರೂ ಬೇರೊಂದು ಪ್ರಶ್ನೆಯ ಬಳಿ ಫಲಿತಾಂಶ ಸ್ಪಷ್ಟವಿಲ್ಲ ಎಂದು ಇನ್ನೊಂದು ದಿನ ಬರಲು ಹೇಳಿದ್ದಾರೆ. ಅದಕ್ಕೂ ಮಾದಕ ವಸ್ತುವಿಗೂ ಸಂಬಂಧವಿಲ್ಲ.

ಬೇಲೂರಿನಿಂದ ಬಾಲ್ಟಿಮೋರ್‌ಗೆ

ಮತ್ತೆ ಕರೆಯುವುದು ಅಪರೂಪವೇನಲ್ಲ ಮೇಡಂ. ನನ್ನನ್ನೂ ಕರೆದಿದ್ದರು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಲಿ. ಫಾರಂನ ಪ್ರತಿಯನ್ನು ಇನ್ನೊಮ್ಮೆ ಓದಿಕೊಂಡು ಹೋಗಲಿ. ಏನಾದರೂ ಬಿಟ್ಟುಹೋಗಿದ್ದು ಈಗ ನೆನಪಾದರೆ ಅವರು ಕೇಳುವ ಮೊದಲೇ ಹೇಳಲಿ. ಅವರೇ ಎತ್ತಿ ಕೇಳುವ ಮೊದಲು ತಾನಾಗಿ ತಿದ್ದಿದವರಿಗೆ ಮಾರ್ಗಸೂಚಿಯಲ್ಲೇ ರಿಯಾಯಿತಿ ಇದೆ.

ಮಂಡ್ಯ ಮೂಲ, ಟೆಕ್ಸಾಸ್

ಅಕ್ಕ, ಒಳ್ಳೆಯ ಸುದ್ದಿ ಬರಲಿ. ವಕೀಲೆ ಮೇಡಂ, ನನ್ನ ಪರೀಕ್ಷೆಯ ವರದಿಯಲ್ಲಿ ಏನು ಬರೆದಿದ್ದಾರೆ ಎಂದು ನೋಡುವ ಹಕ್ಕು ನನಗಿದೆಯೇ?

ವಲಸೆ ವಕೀಲೆ, ನ್ಯೂಜೆರ್ಸಿ

ಇದೆ. ಪ್ರೈವಸಿ ಆ್ಯಕ್ಟ್ ಮತ್ತು ಮಾಹಿತಿ ಸ್ವಾತಂತ್ರ್ಯ ಕಾನೂನು ಎರಡನ್ನೂ ಉಲ್ಲೇಖಿಸಿ ಆ ಸಂಸ್ಥೆಗೆ ಪತ್ರ ಬರೆಯಿರಿ. ಪರೀಕ್ಷಕರ ಬರಹದ ವರದಿ, ಧ್ವನಿ ಅಥವಾ ದೃಶ್ಯ ಮುದ್ರಣ ಇದ್ದರೆ ಅದು, ನಿಮ್ಮ ಹೆಸರಿನ ಎಲ್ಲ ಟಿಪ್ಪಣಿಗಳು ಎಂದು ಸ್ಪಷ್ಟವಾಗಿ ಕೇಳಿ. ಕೆಲವು ಭಾಗಗಳನ್ನು ಮಸಿ ಬಳಿದು ಕಳಿಸುತ್ತಾರೆ, ತಿಂಗಳುಗಳೂ ಹಿಡಿಯಬಹುದು. ನೀವು ಒಪ್ಪಿಕೊಳ್ಳದ ಮಾತನ್ನು ಒಪ್ಪಿಕೊಂಡಿರಿ ಎಂದು ಅದರಲ್ಲಿ ಬರೆದಿದ್ದರೆ ತಿದ್ದುಪಡಿಗೆ ಕೇಳಬಹುದು. ಮುಂದೆ ಬೇರೆಡೆ ಅರ್ಜಿ ಹಾಕುವ ಮೊದಲೇ ಆ ಪ್ರತಿ ನಿಮ್ಮ ಕೈಯಲ್ಲಿರಬೇಕು.

ಮಂಡ್ಯ ಮೂಲ, ಟೆಕ್ಸಾಸ್

ಪತ್ರದ ಕರಡು ಮಾಡಿ ನಿಮಗೆ ಖಾಸಗಿಯಾಗಿ ಕಳಿಸುತ್ತೇನೆ ಮೇಡಂ, ಒಮ್ಮೆ ನೋಡಿಕೊಡಿ.